ಭಾರದ ಹೊದಿಕೆಯಾ, ಅಜ್ಜಿಯ ಕೌದಿಯಾ?

ನನ್ನ ಮಗನಿಗೆ 7 ವರ್ಷ. ಮಿಕ್ಸಿ ಸದ್ದಾದರೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಾನೆ. ಅಂಗಿಯ ಲೇಬಲ್ ಚುಚ್ಚುತ್ತದೆ ಅಂತ ಅಳುತ್ತಾನೆ. ಗಟ್ಟಿಯಾಗಿ ಅಪ್ಪಿಕೊಂಡರೆ ಮಾತ್ರ ಮೈ ಸಡಿಲ ಬಿಡುತ್ತಾನೆ. ಇಂಥ ಕೆಲವು ಮಕ್ಕಳಿಗೆ ಹಗುರವಾಗಿ ಮುಟ್ಟಿದರೆ ಕಿರಿಕಿರಿ, ಗಟ್ಟಿಯಾಗಿ ಒತ್ತಿದರೆ ನೆಮ್ಮದಿ ಅಂತ ಓಟಿ (ಆಕ್ಯುಪೇಷನಲ್ ಥೆರಪಿ, ಅಂದರೆ ದಿನದ ಕೆಲಸಗಳು ಸಲೀಸಾಗುವಂತೆ ಅಭ್ಯಾಸ ಮಾಡಿಸುವ ಚಿಕಿತ್ಸೆ) ಮೇಡಂ ಹೇಳಿದರು. ಸರಿ, ಮನೆಯಲ್ಲೇ ಮೂರು ದಾರಿ ನೋಡಿದೆವು.

ಮೊದಲು ಆನ್‌ಲೈನ್‌ನಲ್ಲಿ ತರಿಸಿದ ಭಾರದ ಹೊದಿಕೆ. ಒಳಗೆ ಸಣ್ಣ ಗಾಜಿನ ಮಣಿ, ತೂಕ 2 ಕೆಜಿ. ಮಗುವಿನ ತೂಕದ ಹತ್ತನೇ ಒಂದು ಭಾಗ ಅನ್ನೋದು ರೂಢಿಯ ಲೆಕ್ಕ, ಇವನು 20 ಕೆಜಿ. ಊಟಕ್ಕೆ ಕೂತಾಗ ತೊಡೆ ಮೇಲೆ ಹಾಕಿದರೆ ಕಾಲು ಅಲ್ಲಾಡಿಸೋದು ನಿಲ್ಲುತ್ತಿತ್ತು. ರಾತ್ರಿ ಮಾತ್ರ ಆಗಲಿಲ್ಲ. ದಾವಣಗೆರೆಯ ಏಪ್ರಿಲ್ ಸೆಕೆ ಗೊತ್ತಲ್ವಾ? ಹತ್ತೇ ನಿಮಿಷಕ್ಕೆ ಬೆವೆತು ಒದ್ದುಬಿಡುತ್ತಿದ್ದ. 2014ರಲ್ಲಿ ಬ್ರಿಟನ್‌ನಲ್ಲಿ ಆಟಿಸಂ ಇರುವ ಮಕ್ಕಳ ಜೊತೆ ನಡೆದ ಅಧ್ಯಯನದಲ್ಲೂ ಹೊದಿಕೆ ಮಕ್ಕಳಿಗೆ, ಹೆತ್ತವರಿಗೆ ಇಷ್ಟವಾಯಿತು, ನಿದ್ದೆ ಮಾತ್ರ ಜಾಸ್ತಿ ಆಗಲಿಲ್ಲ.

ಸೀರೆಯ ಜೋಕಾಲಿ ಎರಡನೆಯದು. ಮೆಲ್ಲಗೆ ಹಿಂದೆ ಮುಂದೆ ತೂಗಿದರೆ ಶಾಂತ. ಗಿರಗಿರ ಸುತ್ತಿಸಿಕೊಂಡರೆ ರಾತ್ರಿ ಹನ್ನೊಂದಾದರೂ ಕುಣಿತ. ಸಂಜೆ ಆಟಕ್ಕೆ ಮಾತ್ರ ಇಟ್ಟುಕೊಂಡೆವು.

ಕೌದಿ ಜಗಳೂರಿನಿಂದ ನಮ್ಮತ್ತೆ ತಂದದ್ದು. ಹಳೇ ಕಾಟನ್ ಸೀರೆಗಳನ್ನು ಪದರ ಪದರ ಜೋಡಿಸಿ ಕೈಯಲ್ಲೇ ಹೊಲಿದಿದ್ದಾರೆ. ಮಣಿಯ ಹೊದಿಕೆಗಿಂತ ಹಗುರ, ಆದರೆ ಗಾಳಿಯಾಡುತ್ತದೆ, ತೊಳೆಯೋದೂ ಸಲೀಸು. ಚಾಪೆ ಮೇಲೆ ಹಾಸಿ ಅವನನ್ನು ಎದೆಯಿಂದ ಕೆಳಗೆ ಸುತ್ತುತ್ತೇವೆ. ಮುಖ ಯಾವತ್ತೂ ಮುಚ್ಚಬಾರದು, ಅವನಾಗೇ ಬಿಡಿಸಿಕೊಳ್ಳುವಷ್ಟು ಸಡಿಲ ಇರಬೇಕು. ತೀರಾ ಚಿಕ್ಕ ಮಕ್ಕಳಿಗೆ ಇದು ಬೇಡವೇ ಬೇಡ.

ಒಳಗೆ ಮಲಗಿ ಹೊಲಿಗೆಯ ಸಾಲಿನ ಮೇಲೆ ಹೆಬ್ಬೆರಳು ಎಳೆಯುತ್ತಾನೆ. ಒಂದು ಕಡೆ ಹಸಿರು ದಾರ ಮುಗಿದು ಕೆಂಪು ಶುರುವಾಗುತ್ತದೆ. ಅಲ್ಲಿಗೆ ಬಂದಾಗ ಪ್ರತಿ ಸಲ ಬೆರಳು ನಿಲ್ಲುತ್ತದೆ, ಉಸಿರು ಉದ್ದವಾಗುತ್ತದೆ.

ನನ್ನನ್ನು ಕೇಳಿದರೆ ಕೌದಿಯೇ ಸರಿ. ಸುತ್ತಿದರೆ ಹೆದರುವ ಮಕ್ಕಳೂ ಇದ್ದಾರೆ, ಅವರಿಗೆ ಒತ್ತಾಯ ಮಾಡಬೇಡಿ. ನಮ್ಮವನು ಈಗ ತಾನಾಗೇ ಕೌದಿ ಎಳೆದುಕೊಂಡು ಬರುತ್ತಾನೆ. ಚಟ್ನಿ ರುಬ್ಬುವ ಮೊದಲು "ಹಾಕ್ಲಾ?" ಅಂತ ಕೇಳುತ್ತೇನೆ. ಕೌದಿಯೊಳಗಿಂದ ತಲೆಯಾಡಿಸಿದ ಮೇಲೇ ಸ್ವಿಚ್ ಒತ್ತುತ್ತೇನೆ.