‘ಎಡಿಂಗ್ಟನ್’: ಥಿಯೇಟರ್, ಫೋನ್, ಟಿವಿ ಮೂರರಲ್ಲೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಈ ಸಿನಿಮಾವನ್ನು ಮನೆಯ ಟಿವಿಯಲ್ಲಿ ನೋಡಿ, ರಿಮೋಟ್ ಕೈಯಲ್ಲೇ ಇರಲಿ. ನಾನು ಯಾವಾಗಲೂ ಥಿಯೇಟರ್ ಪರ. ಇದೊಂದರ ವಿಷಯದಲ್ಲಿ ಮಾತ್ರ ಮನಸ್ಸು ಬದಲಾಯಿತು.

ನಿರ್ದೇಶಕ ಆರಿ ಆಸ್ಟರ್ ಅವರ 2025ರ ಈ ವಿಡಂಬನೆ ನಡೆಯುವುದು ಅಮೆರಿಕದ ನ್ಯೂ ಮೆಕ್ಸಿಕೊದ ಒಂದು ಕಾಲ್ಪನಿಕ ಪುಟ್ಟ ಊರಿನಲ್ಲಿ. 2020ರ ಮೇ, ಕೊರೊನಾ ಕಾಲ. ಮಾಸ್ಕ್ ಬೇಡ ಅನ್ನುವ ಶೆರಿಫ್, ಅಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥ, ಜೋ ಕ್ರಾಸ್ (ವಾಕೀನ್ ಫೀನಿಕ್ಸ್), ಬೇಕೇ ಬೇಕು ಅನ್ನುವ ಮೇಯರ್ ಟೆಡ್ ಗಾರ್ಸಿಯಾ (ಪೆಡ್ರೊ ಪಾಸ್ಕಲ್). ಇಬ್ಬರ ಜಗಳ ಚುನಾವಣೆಯವರೆಗೂ ಹೋಗುತ್ತದೆ. ಊರಲ್ಲಿ ಎಲ್ಲರಿಗೂ ಎಲ್ಲರ ಪರಿಚಯವಿದೆ. ಆದರೆ ಒಬ್ಬೊಬ್ಬರ ಫೋನಿನಲ್ಲೂ ಒಂದೊಂದು ಲೋಕ. ಶೆರಿಫನ ಅತ್ತೆಗಂತೂ ಪಿತೂರಿ ಕಥೆಗಳ ಗೀಳು. ಹಾಗಾಗಿ ಈ ಸಿನಿಮಾದಲ್ಲಿ ಕೇಳಿಸಿಕೊಳ್ಳುವಷ್ಟೇ ಓದುವುದೂ ಇದೆ.

ಒಂದು ಉದಾಹರಣೆ ಕೊಡುತ್ತೇನೆ. ಶೆರಿಫ್ ತನ್ನ ಗಾಡಿಗೆ ಪ್ರಚಾರದ ಬೋರ್ಡುಗಳನ್ನು ಹಾಕಿಕೊಂಡು ಊರು ಸುತ್ತುತ್ತಾನೆ. ‘ನಿಮ್ಮನ್ನು ಮರುಳು ಮಾಡುತ್ತಿದ್ದಾರೆ’ ಅಂತ ಒಂದರಲ್ಲಿ ಬರೆಯಬೇಕಿತ್ತು. ಇಂಗ್ಲಿಷಿನಲ್ಲಿ ‘ಯು ಆರ್’ ಬರಬೇಕಾದ ಕಡೆ ‘ಯುವರ್’ ಅಂತ ಹಾಕಿದ್ದಾನೆ. ಕಿವಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಕಣ್ಣಿಗೆ ಬಿದ್ದರೆ ಮಾತ್ರ ನಗು. ಆನ್‌ಲೈನ್ ಜಗಳಗಳಲ್ಲಿ ದಿನಾ ಕಾಣುವ ತಪ್ಪು ಅದು, ಅಲ್ವಾ?

ಥಿಯೇಟರ್‌ನಲ್ಲಿ ಈ ಬೋರ್ಡ್ ಒಂದೇ ನೋಟಕ್ಕೆ ಸಿಕ್ಕಿತು. ಅಕ್ಕಪಕ್ಕದವರ ಜೊತೆ ನಗುವ ಖುಷಿಯೂ ಇತ್ತು. ಆದರೆ ಯಾರಾದರೂ ಫೋನ್ ಸ್ಕ್ರಾಲ್ ಮಾಡುವ ದೃಶ್ಯ ಬಂದಾಗ ನಾನು ಎರಡು ಸಾಲು ಓದುವಷ್ಟರಲ್ಲಿ ಅದು ಮೇಲೆ ಹೋಗಿರುತ್ತಿತ್ತು. ನಾನು ಇಂಗ್ಲಿಷ್ ನಿಧಾನವಾಗಿ ಓದುವವನು.

ಆಮೇಲೆ ಬಾಡಿಗೆಗೆ ತೆಗೆದುಕೊಂಡು ರಾತ್ರಿ ಪ್ರಯಾಣದಲ್ಲಿ ಫೋನಿನಲ್ಲಿ ನೋಡಿದೆ. ಅದು ತಪ್ಪಾಯಿತು. ನನ್ನದು 6.5 ಇಂಚಿನ ಫೋನ್, ಅಡ್ಡ ಹಿಡಿದರೆ ಎತ್ತರ ಸುಮಾರು 7 ಸೆಂಟಿಮೀಟರ್. ಅದರೊಳಗೆ ಸಿನಿಮಾ, ಸಿನಿಮಾದೊಳಗೆ ಇನ್ನೊಂದು ಫೋನ್. ಫೋನ್ ನೆಟ್ಟಗೆ ಹಿಡಿದು ತೆಗೆದ ವಿಡಿಯೊ ಮೇಲಿಂದ ಕೆಳಗಿನವರೆಗೆ ತುಂಬಿದರೂ ಅಗಲ 4 ಸೆಂಟಿಮೀಟರ್ ಮುಟ್ಟುವುದಿಲ್ಲ. ಅದರ ಕೆಳಗಿನ ಕಾಮೆಂಟ್ ಓದುವುದು ಸಾಧ್ಯವೇ ಇಲ್ಲ. ಸಾಲದ್ದಕ್ಕೆ ಪಾತ್ರದ ಫೋನ್ ಗುಂಯ್ ಅಂದಾಗೆಲ್ಲ ನನ್ನದೇ ಅಂದುಕೊಂಡು ಸಿನಿಮಾ ನಿಲ್ಲಿಸುತ್ತಿದ್ದೆ.

ಬಾಡಿಗೆ ಅವಧಿ 48 ಗಂಟೆ ಇತ್ತು. ಮಾರನೆಯ ರಾತ್ರಿ ಅದನ್ನೇ ಮನೆಯ ಟಿವಿಯಲ್ಲಿ ಹಾಕಿದೆ. ಇಲ್ಲಿ ಕಾಡಿದ್ದು ಸಬ್‌ಟೈಟಲ್. ನನಗೆ ಸಬ್‌ಟೈಟಲ್ ಇಲ್ಲದೆ ಆಗುವುದಿಲ್ಲ, ಫೀನಿಕ್ಸ್ ಇಲ್ಲಿ ಬಾಯೊಳಗೇ ಮಾತಾಡುವುದು ಜಾಸ್ತಿ. ಆದರೆ ನನ್ನ ಟಿವಿ ಪ್ರತಿ ಸಾಲಿನ ಹಿಂದೆ ಒಂದು ಕಪ್ಪು ಪಟ್ಟಿ ಹಾಕುತ್ತದೆ. ಮೆಸೇಜಿನ ಕೊನೆಯ ಸಾಲು ಎಲ್ಲಿದೆಯೋ ಅಲ್ಲೇ ಆ ಪಟ್ಟಿ ಬಂದು ಕೂರುತ್ತದೆ. ಮಾತು ಓದಿದರೆ ಮೆಸೇಜ್ ಹೋಯಿತು, ಮೆಸೇಜ್ ಹುಡುಕಿದರೆ ಮಾತು ಹೋಯಿತು. ಅರ್ಧ ಗಂಟೆ ಹೀಗೇ ಕಿರಿಕಿರಿ. ಸುಮ್ನೆ ಸಬ್‌ಟೈಟಲ್ ಆಫ್ ಮಾಡಿ ನೋಡಿದೆ, ಸಂಭಾಷಣೆ ಅರ್ಧಕ್ಕರ್ಧ ತಪ್ಪಿತು.

ಕೊನೆಗೆ ಸೆಟ್ಟಿಂಗ್ಸ್‌ಗೆ ಹೋಗಿ ಹಿಂದಿನ ಕಪ್ಪು ಬಣ್ಣ ತೆಗೆದೆ, ಅಕ್ಷರ ಒಂದು ಹಂತ ಚಿಕ್ಕದು ಮಾಡಿದೆ. ಮೆಸೇಜ್ ಬಂದಾಗ ನಿಲ್ಲಿಸಿ ಓದಿದೆ. ಊರಿಗೆ ಬರಲಿರುವ ಡೇಟಾ ಸೆಂಟರ್‌ನ ಹೆಸರು ‘ಸಾಲಿಡ್‌ಗೋಲ್ಡ್‌ಮ್ಯಾಜಿಕಾರ್ಪ್’ ಅಂತ ನನಗೆ ಗೊತ್ತಾಗಿದ್ದೇ ಆವತ್ತು. ಚಾಟ್‌ಬಾಟ್‌ಗಳ ಹಿಂದಿನ ಭಾಷಾ ಮಾದರಿಗಳನ್ನು ತಬ್ಬಿಬ್ಬು ಮಾಡುತ್ತದೆ ಅಂತ 2023ರಲ್ಲಿ ಹೆಸರಾದ ಪದ ಅದು. ಥಿಯೇಟರ್‌ನಲ್ಲಿ ಕಣ್ಣ ಮುಂದೆಯೇ ಹೋಗಿತ್ತು, ಗಮನಿಸಿರಲಿಲ್ಲ.

ಸದ್ದು ಥಿಯೇಟರ್‌ನಲ್ಲೇ ಚೆನ್ನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸುಮಾರು ಎರಡೂವರೆ ಗಂಟೆಯ ಸಿನಿಮಾ, ನಾನು ಕೆಲಸ ಮುಗಿಸಿ ಎರಡು ಕಂತಿನಲ್ಲಿ ನೋಡುವವನು. ಮನೆಯಲ್ಲಿ ಮೂವರಿಗೂ ಒಂದೇ ಬಾಡಿಗೆ ಸಾಕು, ಟಿಕೆಟ್ ಆದರೆ ಮೂರು ಬೇಕು. ತಮ್ಮ ಇನ್ನೂ ನೋಡಿಲ್ಲ. ಅವನು ಬಂದಾಗ ಮತ್ತೆ ಬಾಡಿಗೆಗೆ ತೆಗೆದುಕೊಳ್ಳುತ್ತೇನೆ, ಈ ಸಲ ನೇರವಾಗಿ ಟಿವಿಗೇ.