ರಾಜರ್ಸ್ ಚಾಕುವಿನ ನಡೆ ಮತ್ತು ನುಡಿ

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನಾನು ಮೊದಲ ಹಳೆಯ ಮಡಚುವ ಚಾಕು ಕೊಂಡ ದಿನ ಅಂಗಡಿಯ ಹಿರಿಯರು ಅದನ್ನು ನನ್ನ ಕಿವಿಯ ಹತ್ತಿರ ತಂದು ಮುಚ್ಚಿದರು. ‘ಟಕ್’ ಎಂದಿತು. ಒಂದೇ ಸದ್ದು, ಗಟ್ಟಿಯಾದ ಸದ್ದು. ಆಮೇಲೆ ಪಕ್ಕದ ತಟ್ಟೆಯಿಂದ ಕನ್ನಡಿಯಂತೆ ಹೊಳೆಯುತ್ತಿದ್ದ ಇನ್ನೊಂದನ್ನು ತೆಗೆದು ಮುಚ್ಚಿದರು. ಅದು ತಿರುಗಣಿ ಸಡಿಲವಾದ ಬಾಗಿಲಿನ ಹಾಗೆ ಸದ್ದಿಲ್ಲದೆ ಒಳಗೆ ಜಾರಿತು. “ಯಾವುದು ಬೇಕು, ಲವ್?” ಎಂದು ಕೇಳಿದರು. ಈ ಊರಿನ ಹಿರಿಯರು ಬಸ್ಸಿನಲ್ಲಿ, ಅಂಗಡಿಯಲ್ಲಿ ಎಲ್ಲರನ್ನೂ ಹಾಗೆಯೇ ಕರೆಯುತ್ತಾರೆ, ನಮ್ಮ ಕಡೆ ‘ಅಮ್ಮಾ’ ಎಂದ ಹಾಗೆ. ನಾನು ಮಂಕಾಗಿದ್ದ ಮೊದಲನೆಯದನ್ನೇ ತೆಗೆದುಕೊಂಡೆ.

ಚಾಕು ಸಂಗ್ರಹಿಸುವವರು ಇದನ್ನು ‘ವಾಕ್ ಆಂಡ್ ಟಾಕ್’ ಎನ್ನುತ್ತಾರೆ. ಅಲಗಿನ ಬುಡ ಸ್ಪ್ರಿಂಗಿನ ಮೇಲೆ ಸಾಗುವ ರೀತಿ ಅದರ ನಡೆ. ತನ್ನ ಜಾಗಕ್ಕೆ ಬಂದು ಕೂರುವಾಗ ಕೇಳುವ ಸದ್ದು ಅದರ ನುಡಿ. ಈ ಎರಡು ಮಾತುಗಳು ಕನ್ನಡದಲ್ಲಿ ಮೊದಲಿನಿಂದಲೂ ಜೋಡಿಯಾಗಿಯೇ ಇರುವುದರಿಂದ ನನಗೆ ಪಾಠ ಬೇಗ ತಲೆಗೆ ಹತ್ತಿತು.

ನಾನು ಭದ್ರಾವತಿಯವಳು. ಉಕ್ಕಿನ ಕಾರ್ಖಾನೆಯ ಸೈರನ್ ಕೇಳಿ ಬೆಳೆದು, ಲೋಹಶಾಸ್ತ್ರ ಓದಿ, ಕೆಲಸದ ಮೇಲೆ ಈ ಇನ್ನೊಂದು ಉಕ್ಕಿನ ಊರಿಗೆ ಬಂದವಳು. ಆರು ವರ್ಷಗಳಲ್ಲಿ ಕೂಡಿಸಿರುವುದು ಹನ್ನೊಂದು ಚಾಕು. ಎಲ್ಲವೂ ಇಲ್ಲಿನ ಒಂದೇ ಚಾಕು ತಯಾರಕ ಮನೆತನದವು: ಜೋಸೆಫ್ ರಾಜರ್ಸ್ ಆಂಡ್ ಸನ್ಸ್. ಹಳೆಯ ರಾಜರ್ಸ್ ಚಾಕು ಕೊಳ್ಳಬಹುದೇ ಎಂದು ಊರಿನ ಗೆಳೆಯರು ಕೇಳುತ್ತಲೇ ಇರುತ್ತಾರೆ. ಕೊಳ್ಳಬಹುದು, ಆದರೆ ಹೊಳಪನ್ನು ನೋಡಿ ಕೊಳ್ಳಬಾರದು ಎಂಬುದು ನನ್ನ ಉತ್ತರ. ಅದನ್ನು ನಾನು ದಿನವೂ ಬಳಸುವ ಆ ಮೊದಲ ಚಾಕುವನ್ನೇ ಮುಂದಿಟ್ಟುಕೊಂಡು ವಿವರಿಸುತ್ತೇನೆ.

ಮುಚ್ಚಿದಾಗ ಅದು ನನ್ನ ತೋರುಬೆರಳಿಗಿಂತ ಸ್ವಲ್ಪ ಉದ್ದ. ಎರಡು ತುದಿಗಳಿಂದ ಎರಡು ಅಲಗು ತೆರೆದುಕೊಳ್ಳುತ್ತವೆ, ಒಂದು ದೊಡ್ಡದು, ಒಂದು ಚಿಕ್ಕದು. ಹಿಡಿಗೆ ಹಾಕಿರುವುದು ಎಮ್ಮೆಯ ಕೊಂಬು. ದೀಪದ ಕೆಳಗೆ ಹಿಡಿದರೆ ಕಪ್ಪಿನೊಳಗೆ ಜೇನಿನ ಬಣ್ಣದ ಒಂದು ಎಳೆ ಕಾಣುತ್ತದೆ. ತುದಿಗಳಲ್ಲಿ ಜರ್ಮನ್ ಸಿಲ್ವರ್, ಒಳಗೆ ಹಿತ್ತಾಳೆಯ ತಗಡು. ಕೊಂಬಿನ ಮೂಲಕ ಹಾಯ್ದ ಮೂರು ಮೊಳೆಗಳನ್ನು ಎಷ್ಟು ಸಮವಾಗಿ ತಟ್ಟಿದ್ದಾರೆಂದರೆ ಕಣ್ಣಿಗೆ ಕಾಣುತ್ತವೆ, ಬೆರಳಿಗೆ ಸಿಗುವುದಿಲ್ಲ. ಬೆನ್ನಿನ ಮೇಲೆ ಬೆರಳಾಡಿಸಿದರೂ ಅಷ್ಟೇ. ಅಲಗು ತೆರೆದಿರಲಿ, ಮುಚ್ಚಿರಲಿ, ಸ್ಪ್ರಿಂಗ್ ತಗಡಿನ ಮಟ್ಟಕ್ಕೆ ಸರಿಯಾಗಿ ಬಂದು ನಿಲ್ಲುತ್ತದೆ. ಇದನ್ನು ಅರದಿಂದ ಉಜ್ಜಿ, ಮುಚ್ಚಿ ನೋಡಿ, ಮತ್ತೆ ಉಜ್ಜಿ ಹೊಂದಿಸಿದ್ದು ಒಬ್ಬ ಮನುಷ್ಯನ ಕೈ.

ದೊಡ್ಡ ಅಲಗಿನ ಬುಡದಲ್ಲಿ ವಿ, ಕಿರೀಟ, ಆರ್ ಎಂಬ ಅಚ್ಚು ಇದೆ. ಅದು ವಿಕ್ಟೋರಿಯಾ ರಾಣಿಯ ಗುರುತು. ಹಾಗಾಗಿ ಚಾಕು 1837 ಮತ್ತು 1901ರ ನಡುವಿನದು. ಅಚ್ಚಿನಲ್ಲಿ ‘ಇಂಗ್ಲೆಂಡ್’ ಎಂಬ ಮಾತು ಇಲ್ಲ. ಆಮದಾಗುವ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕೆಂದು ಅಮೆರಿಕ 1890ರ ಸುಂಕದ ಕಾನೂನಿನಲ್ಲಿ ಕಡ್ಡಾಯ ಮಾಡಿದ ಮೇಲೆ ಶೆಫೀಲ್ಡ್‌ನ ಅಚ್ಚುಗಳಲ್ಲಿ ಆ ಮಾತು ಸಾಮಾನ್ಯವಾಯಿತು. ಅಮೆರಿಕಕ್ಕೆ ಹೋಗದ ಚಾಕುವಿನಲ್ಲಿ ಅದು ಇಲ್ಲದಿರಬಹುದು, ಆದ್ದರಿಂದ ಇದನ್ನೇ ಪುರಾವೆ ಎನ್ನಲಾರೆ. ಆದರೂ ನನ್ನದು 1891ಕ್ಕಿಂತ ಹಿಂದಿನದು ಎಂಬ ಕಡೆಗೇ ಮನಸ್ಸು ವಾಲುತ್ತದೆ.

ಈ ಮನೆತನ ತನ್ನ ಹುಟ್ಟನ್ನು 1682ಕ್ಕೆ ಒಯ್ಯುತ್ತಿತ್ತು. ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ ಅದರ ಗುರುತು, ನಾರ್ಫೋಕ್ ಬೀದಿಯ 6ನೇ ನಂಬರು ಅದರ ವಿಳಾಸ. 1822ರಲ್ಲಿ ನಾಲ್ಕನೇ ಜಾರ್ಜ್ ದೊರೆಯಿಂದ ಅರಮನೆಯ ಚಾಕು ತಯಾರಕರೆಂಬ ಮನ್ನಣೆ ಸಿಕ್ಕಿತು. 1851ರ ಲಂಡನ್ ಮಹಾ ಪ್ರದರ್ಶನಕ್ಕೆಂದು ಅವರು 75 ಅಲಗುಗಳ ‘ನಾರ್ಫೋಕ್ ನೈಫ್’ ತಯಾರಿಸಿದರು. ಅದು ಇಂದಿಗೂ ಇಲ್ಲಿನ ಚಾಕು ಕಸುಬಿನವರ ಸಂಘದ ಭವನವಾದ ಕಟ್ಲರ್ಸ್ ಹಾಲ್‌ನಲ್ಲಿದೆ. ಹೆಸರು ಹೆಚ್ಚಿದಷ್ಟೂ ನಕಲು ಹೆಚ್ಚಿತು. ಹೆಸರಿನ ನಡುವಿನ ‘ಡಿ’ ಅಕ್ಷರ ಬಿಟ್ಟವು, ನಕ್ಷತ್ರದ ಪಕ್ಕ ಶಿಲುಬೆಯಂಥದೇ ಬೇರೇನೋ ಒತ್ತಿದವು ಸಂತೆಯಲ್ಲಿ ಸಿಗುತ್ತವೆ. ಭೂತಗನ್ನಡಿ ಇಲ್ಲದೆ ಕೊಳ್ಳಲು ಹೋಗಬೇಡಿ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅರಮನೆಯ ಮುದ್ರೆಯಲ್ಲ, ಉಕ್ಕು. ಹ್ಯಾರಿ ಬ್ರಿಯರ್ಲಿ ಇದೇ ಊರಿನಲ್ಲಿ ತುಕ್ಕು ಹಿಡಿಯದ ಉಕ್ಕನ್ನು ಎರಕ ಹೊಯ್ದದ್ದು 1913ರಲ್ಲಿ. ಅದಕ್ಕೂ ಹಿಂದಿನ ಅಲಗುಗಳೆಲ್ಲ ಇಂಗಾಲದ ಉಕ್ಕಿನವು. ಆ ಕಾಲದ ಒಳ್ಳೆಯ ಅಲಗಿನ ಉಕ್ಕನ್ನು ಮಣ್ಣಿನ ಮೂಸೆಯಲ್ಲಿ ಕರಗಿಸುತ್ತಿದ್ದರು. ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದ ಕುಶಲಕರ್ಮಿ 1740ರ ದಶಕದಲ್ಲಿ ಇಲ್ಲಿ ಆ ವಿಧಾನ ಕಂಡುಕೊಂಡ. ಮೂಸೆಯ ಉಕ್ಕು ನಮ್ಮ ದಕ್ಷಿಣದವರಿಗೆ ಅದಕ್ಕಿಂತ ಬಹಳ ಹಳೆಯ ವಿದ್ಯೆ. ಆ ಉಕ್ಕಿಗೆ ಇಂಗ್ಲಿಷಿನಲ್ಲಿರುವ ‘ವೂಟ್ಜ್’ ಎಂಬ ಹೆಸರು ನಮ್ಮ ‘ಉಕ್ಕು’ ಎಂಬುದರಿಂದಲೇ ಬಂದಿತೆಂದು ಬಹಳ ಮಂದಿ ವಿದ್ವಾಂಸರು ಹೇಳುತ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಆ ಉಕ್ಕಿನ ಬಗ್ಗೆ ಪ್ರಬಂಧ ಮಂಡಿಸಿದಾಗ, ಬೊಂಬಾಯಿಯಿಂದ ಬಂದ ತುಣುಕೊಂದನ್ನು ಸ್ಟೋಡಾರ್ಟ್ ಎಂಬ ಚಾಕು ತಯಾರಕ ಕಾಯಿಸಿ ಬಡಿದು ನೋಡಿದ್ದ. ಅದರಿಂದ ಅವನು ಮಾಡಿದ್ದೇನು ಗೊತ್ತೇ? ಒಂದು ಪೆನ್‌ನೈಫ್. ಹಕ್ಕಿಯ ಗರಿಯನ್ನು ಲೇಖನಿಯಾಗಿ ಸೀಳುವ ಪುಟ್ಟ ಚಾಕು. ಇದನ್ನು ಓದಿದ ರಾತ್ರಿ ಎದ್ದು ಹೋಗಿ ನನ್ನ ಚಾಕುವನ್ನು ಮತ್ತೊಮ್ಮೆ ತೆರೆದು ನೋಡಿದ್ದೆ.

ಬಳಕೆಯಲ್ಲಿ ಅದು ಹೇಗಿದೆ? ಸೇಬು, ಕಿತ್ತಳೆ, ಪಾರ್ಸೆಲ್ಲಿನ ದಾರ, ಪೆನ್ಸಿಲ್, ಎಲ್ಲಕ್ಕೂ ಇದೇ. ಒಳ್ಳೆಯ ಕಲ್ಲಿನ ಮೇಲೆ ಹತ್ತು ಸಲ ಎಳೆದರೆ ಹರಿತವಾಗುತ್ತದೆ. ಸ್ಟೇನ್‌ಲೆಸ್ ಅಲಗಿನ ಜೊತೆ ಗುದ್ದಾಡಿದ ಹಾಗೆ ಗುದ್ದಾಡಬೇಕಿಲ್ಲ. ಸೇಬು ಕೊಯ್ದ ಮೊದಲ ವಾರವೇ ಅಲಗಿನ ಮೇಲೆ ನೀಲಿ ಬೂದು ಛಾಯೆ ಹಬ್ಬಿತು. ಕಂಗಾಲಾಗಿ ಫೋಟೊ ತೆಗೆದು ಅಮ್ಮನಿಗೆ ಕಳುಹಿಸಿದೆ. “ಮಾವಿನಕಾಯಿ ಹೆಚ್ಚಿದ ಈಳಿಗೆ ಕಪ್ಪಾಗುವುದಿಲ್ಲವೇನೇ? ಒರೆಸಿ ಒಣಗಿಸಿ ಇಡು, ಅದರ ಪಾಡಿಗೆ ಅದು ಇರುತ್ತದೆ” ಎಂದರು. ಪುಸ್ತಕದ ಲೋಹಶಾಸ್ತ್ರ ಅಷ್ಟು ಚೊಕ್ಕವಾಗಿ ಹೇಳಿರಲಿಲ್ಲ. ಆ ಛಾಯೆ ಕೆಂಪು ತುಕ್ಕನ್ನು ದೂರವಿಡುವ ಹೊದಿಕೆ. ಅದನ್ನು ತಿಕ್ಕಿ ತೆಗೆದರೆ ಅಲಗು ಮತ್ತೆ ಬೆತ್ತಲೆ.

ಇದನ್ನು ಮರೆತು ನಾನೇ ಒಮ್ಮೆ ಕೈ ಸುಟ್ಟುಕೊಂಡೆ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರ ಮೂರು ಅಲಗಿನ ರಾಜರ್ಸ್ ಒಂದನ್ನು ಹಾಕಿದ್ದ. ಫೋಟೊದಲ್ಲಿ ಬೆಳ್ಳಿಯ ಹಾಗೆ ಥಳಥಳ. ಅರವತ್ತೈದು ಪೌಂಡ್ ಕೊಟ್ಟೆ. ಪೆಟ್ಟಿಗೆ ಬಿಚ್ಚಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಯಂತ್ರದ ಚಕ್ರಕ್ಕೆ ಕೊಟ್ಟು ಉಜ್ಜಿದ್ದರಿಂದ ಅಚ್ಚಿನ ಅರ್ಧ ಅಕ್ಷರಗಳು ಅಳಿಸಿಹೋಗಿದ್ದವು, ಅಂಚುಗಳೆಲ್ಲ ಸೋಪಿನ ಹಾಗೆ ಉರುಟಾಗಿದ್ದವು. ದೊಡ್ಡ ಅಲಗು ಮಸೆದು ಮಸೆದು ಮೂಲ ಅಗಲದ ಮೂರನೇ ಎರಡರಷ್ಟು ಮಾತ್ರ ಉಳಿದಿತ್ತು. ಮುಚ್ಚಿದರೆ ಸದ್ದೇ ಇಲ್ಲ. ನೂರು ವರ್ಷ ಬಾಳಿದ ವಸ್ತುವನ್ನು ಹತ್ತು ನಿಮಿಷದಲ್ಲಿ ಹಾಳು ಮಾಡಿದ್ದರು. ದುಡ್ಡು ಹೋದದ್ದಕ್ಕಿಂತ ಅದೇ ನನಗೆ ಇವತ್ತಿಗೂ ನೋವು.

ಆದ್ದರಿಂದ ಕೊಳ್ಳುವಾಗ ಅಲಗನ್ನು ಅರ್ಧ ತೆರೆದು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಮುಚ್ಚಿದಾಗ ತುದಿ ಹಿಡಿಯೊಳಗೆ ಅಡಗಿದೆಯೇ, ಬುಡದಿಂದ ಮೊನೆಯವರೆಗೆ ಅಲಗಿನ ಗೆರೆ ನಡುವೆ ಗುಂಡಿ ಬೀಳದೆ ಸಾಗಿದೆಯೇ ನೋಡಿ. ಮೊಳೆಯ ಸುತ್ತ ಕೊಂಬು ಕೂದಲೆಳೆಯಷ್ಟು ಬಿರಿದಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಅಚ್ಚು ಮಸುಕಾಗಿದ್ದರೆ ಬಿಟ್ಟು ಬರುತ್ತೇನೆ. ಅಂಗಡಿಯವರು ‘ತೊಳೆದು ಕೊಡಲೇ’ ಎಂದರೆ ಬೇಡವೆನ್ನಿ.

ಹಿಡಿಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ರಾಜರ್ಸ್ ಹೆಸರು ಮಾಡಿದ್ದೇ ಆನೆಯ ದಂತದ ಹಿಡಿಗಳಿಗೆ. ಅವರ ದಂತದ ಕೋಠಿ ಊರಿಗೇ ಪ್ರಸಿದ್ಧವಾಗಿತ್ತು. ಅದನ್ನು ನಾನು ಮುಟ್ಟುವುದಿಲ್ಲ. ಬ್ರಿಟನ್ನಿನಲ್ಲಿ 2018ರ ದಂತ ಕಾನೂನು 2022ರ ಜೂನ್‌ನಿಂದ ಜಾರಿಯಲ್ಲಿದೆ, ಕೆಲವೇ ವಿನಾಯಿತಿಗಳನ್ನು ಬಿಟ್ಟರೆ ಮಾರಾಟವೇ ನಿಷಿದ್ಧ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಒರಟು ಕೊಂಬಿನ ಹಿಡಿಗಳನ್ನೂ ಊರಿಗೆ ಒಯ್ಯುವ ಯೋಚನೆ ಮಾಡಬೇಡಿ, ಏಕೆಂದರೆ ಶೆಫೀಲ್ಡ್‌ನವರು ‘ಸ್ಟ್ಯಾಗ್’ ಎಂದು ಬಳಸಿದ್ದು ಬಹುಪಾಲು ನಮ್ಮ ಕಾಡಿನ ಕಡವೆಯ ಕೊಂಬು. ಹಡಗು ಹತ್ತಿ ಇಲ್ಲಿಗೆ ಬಂದು, ಚಾಕುವಾಗಿ ಮತ್ತೆ ಹಡಗು ಹತ್ತಿದ ಕೊಂಬುಗಳೂ ಇದ್ದಿರಬೇಕು. ಎಮ್ಮೆ ಕೊಂಬು ಅಥವಾ ಮರದ ಹಿಡಿ ಆರಿಸಿಕೊಂಡರೆ ಮನಸ್ಸಿಗೂ ನೆಮ್ಮದಿ.

ಆರೈಕೆ ಸುಲಭ. ಸ್ಪ್ರಿಂಗಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ. ಕೊಬ್ಬರಿ ಎಣ್ಣೆ ಬೇಡ, ಚಳಿಯಲ್ಲಿ ಗಟ್ಟಿಯಾಗುತ್ತದೆ. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಟ್ಟರೆ ಅಲಗಿಗೆ ತುಕ್ಕು, ಹಿತ್ತಾಳೆಗೆ ಕಿಲುಬು. ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ಕಿನ ಹಿಡಿಯ ಚಾಕು ಇದ್ದರೆ ಬೇರೆ ಡಬ್ಬಿಯಲ್ಲಿಡಿ. ಅದು ಹಳತಾಗಿ ಕೊಳೆಯತೊಡಗಿದರೆ ಅದರ ಆವಿಯೇ ಅಕ್ಕಪಕ್ಕದ ಅಲಗುಗಳನ್ನು ತಿನ್ನುತ್ತದೆ.

ಬೆಲೆ ಹೇಳಬೇಕೆಂದರೆ, ನನ್ನ ಎಮ್ಮೆ ಕೊಂಬಿನ ಚಾಕುವಿಗೆ ನಲವತ್ತು ಪೌಂಡ್ ಕೊಟ್ಟೆ. ಅಷ್ಟಕ್ಕೆ ಅದು ಹೆಚ್ಚಲ್ಲ, ಬಹಳ ಕಡಿಮೆ ಎಂದೇ ನನ್ನ ಭಾವನೆ. ಸಾಣೆಯ ಕೆಲಸದವರು ಕಲ್ಲಿನ ಚಕ್ರದ ಮೇಲೆ ದಿನವಿಡೀ ಬಾಗಿ ಕುಳಿತು ಅಲಗು ಹಿಡಿಯುತ್ತಿದ್ದರು. ಆ ಕಲ್ಲಿನ ಧೂಳು ಎದೆಗೆ ಸೇರಿ ಚಿಕ್ಕ ವಯಸ್ಸಿನಲ್ಲೇ ಸತ್ತವರು ಈ ಊರಿನಲ್ಲಿ ಸಾವಿರಾರು. ಒಂಟಿಯಾಗಿ ಚಿಕ್ಕ ಕೋಣೆಯಲ್ಲಿ ದುಡಿಯುವ ಕುಶಲಿಗರನ್ನು ಇಲ್ಲಿ ‘ಲಿಟಲ್ ಮೆಸ್ಟರ್’ ಎನ್ನುತ್ತಾರೆ. ಅವರ ಪೈಕಿ ಬಹಳ ಹೆಸರಾಗಿದ್ದ ಸ್ಟ್ಯಾನ್ ಶಾ 2021ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಕೆಲ್ಹಮ್ ಐಲೆಂಡ್ ವಸ್ತುಸಂಗ್ರಹಾಲಯದಲ್ಲಿ ಅವರ ಕಾರ್ಯಾಗಾರವಿತ್ತು. ಶೆಫೀಲ್ಡ್‌ಗೆ ಬಂದವರು ಚಾಕು ಕೊಳ್ಳುವ ಮೊದಲು ಆ ಸಂಗ್ರಹಾಲಯವನ್ನೊಮ್ಮೆ ನೋಡಲಿ. ಒಂದು ಮಧ್ಯಾಹ್ನ ಸಾಲದು.

ನನ್ನ ಚಾಕುವಿನ ದೊಡ್ಡ ಅಲಗನ್ನು ನಾನೇ ಮಸೆದು ಬಳಸುತ್ತೇನೆ. ಚಿಕ್ಕದನ್ನು ಇನ್ನೂ ಕಲ್ಲಿಗೆ ಮುಟ್ಟಿಸಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಅದರ ಒಂದು ಮೈ ಮಾತ್ರ ಹೆಚ್ಚು ಸವೆದಿದೆ, ಬಲಗೈಯವರು ಮಸೆದರೆ ಸವೆಯುವ ಮೈ ಅದಲ್ಲ. ಹಿಂದೆ ಇದನ್ನು ಕಿಸೆಯಲ್ಲಿಟ್ಟುಕೊಂಡಿದ್ದವರು ಎಡಚರಿರಬೇಕು. ಆ ಅಲಗನ್ನು ಅವರು ಬಿಟ್ಟ ಹಾಗೆಯೇ ಇಟ್ಟಿದ್ದೇನೆ, ತಿಂಗಳಿಗೊಮ್ಮೆ ಎಣ್ಣೆ ಸವರಿ ಮುಚ್ಚುತ್ತೇನೆ. ‘ಟಕ್’ ಎನ್ನುತ್ತದೆ.