ಗೂಬೆಯಾಗಿದ್ದ ನಾನು ಪಾರಿವಾಳವಾದೆ: ಹಕ್ಕಿ ಪರೀಕ್ಷೆಯ ಆ್ಯಪ್ ಎರಡು ವರ್ಷ ಬಳಸಿದ ಮೇಲೆ

ಪ್ರಶ್ನೆ ಕೇಳಿ ನಿಮ್ಮ ಸ್ವಭಾವ ಯಾವ ಹಕ್ಕಿಯದು ಎಂದು ಹೇಳುವ ಆ್ಯಪೊಂದು ಹೋದ ತಿಂಗಳು ನನ್ನ ಹಕ್ಕಿಯನ್ನೇ ಬದಲಾಯಿಸಿಬಿಟ್ಟಿತು. ಎರಡು ವರ್ಷದಿಂದ ನನ್ನನ್ನು ಗೂಬೆ ಎನ್ನುತ್ತಿದ್ದದ್ದು, ಒಂದು ಭಾನುವಾರ ಬೆಳಿಗ್ಗೆ ಬಿಳಿ ಪಾರಿವಾಳದ ಚಿತ್ರ ತೋರಿಸಿ "ಅಭಿನಂದನೆ, ನಿಮ್ಮ ವ್ಯಕ್ತಿತ್ವ ಅರಳುತ್ತಿದೆ" ಎಂದಿತು. ಅಂಕಗಳನ್ನೂ ಉತ್ತರಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ ನನ್ನದು. ತೆಗೆದು ನೋಡಿದೆ. ಹಿಂದಿನ ಸಲ ಗೂಬೆ 14, ಪಾರಿವಾಳ 13, ಹದ್ದು 7, ನವಿಲು 6. ಈ ಸಲ ಗೂಬೆ 13, ಪಾರಿವಾಳ 14, ಉಳಿದೆರಡು ಇದ್ದಲ್ಲೇ ಇವೆ. ನಲವತ್ತು ಪ್ರಶ್ನೆಗಳಲ್ಲಿ ಒಂದೇ ಒಂದರ ಉತ್ತರ ಬೇರೆಯಾಗಿತ್ತು.

ಆ ಪ್ರಶ್ನೆ ಇದು: "ಗುಂಪಿನಲ್ಲಿ ವಾದ ಶುರುವಾದರೆ ಏನು ಮಾಡುತ್ತೀರಿ?" ಹಿಂದೆಲ್ಲ "ಯಾರ ಮಾತಿನಲ್ಲಿ ಹುರುಳಿದೆ ಎಂದು ನೋಡುತ್ತೇನೆ" ಎನ್ನುವುದಕ್ಕೆ ಗುರುತು ಹಾಕುತ್ತಿದ್ದೆ. ಈ ಸಲ "ಇಬ್ಬರನ್ನೂ ಸಮಾಧಾನ ಮಾಡುತ್ತೇನೆ" ಎಂದು ಒತ್ತಿದ್ದೆ. ಹಿಂದಿನ ರಾತ್ರಿಯಷ್ಟೇ ಇಬ್ಬರು ಗೆಳತಿಯರ ಮನಸ್ತಾಪ ಬಿಡಿಸಲು ಒಂದು ಗಂಟೆ ಫೋನಿನಲ್ಲಿ ಕಳೆದಿದ್ದೆ. ಅದರ ಗುಂಗು ಇನ್ನೂ ತಲೆಯಲ್ಲಿತ್ತು. ಅರಳಿದ್ದು ಬಾಡಿದ್ದು ಏನೂ ಇಲ್ಲ.

ಆ್ಯಪಿನ ಹೆಸರು ಬರೆಯುವುದಿಲ್ಲ. ಇಂಥವು ಬೇಕಾದಷ್ಟಿವೆ, ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. ಹದ್ದು ಎಂದರೆ ಮುನ್ನುಗ್ಗುವವರು, ನವಿಲು ಎಂದರೆ ಮಾತುಗಾರರು, ಪಾರಿವಾಳ ಎಂದರೆ ಹೊಂದಿಕೊಂಡು ಹೋಗುವವರು, ಗೂಬೆ ಎಂದರೆ ಲೆಕ್ಕಾಚಾರದವರು. ಕಚೇರಿ ತರಬೇತಿಗಳಲ್ಲಿ ಡಿಸ್ಕ್ ಎಂಬ ಪರೀಕ್ಷೆ ಮಾಡಿಸಿಕೊಂಡವರಿಗೆ ಇದು ಹಳೆಯ ಪರಿಚಯವೇ. ವಿಲಿಯಂ ಮೌಲ್ಟನ್ ಮಾರ್ಸ್ಟನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1928ರಲ್ಲಿ ಮುಂದಿಟ್ಟ ನಾಲ್ಕು ಬಗೆಯ ವಿಂಗಡಣೆಗೆ ಇಲ್ಲಿ ರೆಕ್ಕೆಪುಕ್ಕ ಕಟ್ಟಿದ್ದಾರೆ.

ಮೊದಲ ವರ್ಷ ನನಗೆ ಇದು ಬಹಳ ಇಷ್ಟವಾಗಿತ್ತು. ಅದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಭಾನುವಾರ ಎಲ್ಲರಿಗಿಂತ ಮೊದಲು ಏಳುತ್ತೇನೆ. ಕಿಟಕಿ ಪಕ್ಕದ ಕುರ್ಚಿ, ಮಡಿಲಲ್ಲಿ ನೋಟ್‌ಬುಕ್, ಕಿವಿಗೆ ಸಿಕ್ಕಿಸಿದ ಪೆನ್ಸಿಲ್. ವಾರಕ್ಕೆ ಹತ್ತು ಪ್ರಶ್ನೆ, ತಿಂಗಳಿಗೆ ನಲವತ್ತು. ಒಂದೊಂದು ಪ್ರಶ್ನೆಗೂ ನಾಲ್ಕು ಉತ್ತರ, ಅದರಲ್ಲಿ ಒಂದನ್ನು ಆರಿಸಬೇಕು. ಬೆರಳು ಒಂದು ಉತ್ತರದ ಮೇಲೆ ಹೋಗಿ, ಇನ್ನೊಂದರ ಕಡೆ ಜಾರಿ, ಮತ್ತೆ ಹಿಂದಿರುಗುವ ಆ ಅರೆಕ್ಷಣ ಇದೆಯಲ್ಲ, ಅದು ಹಿತ. ದಿನವಿಡೀ ಯಾರೂ ನನ್ನನ್ನು ಕೇಳದ ಪ್ರಶ್ನೆಗಳವು. "ಕೊನೆ ಗಳಿಗೆಯಲ್ಲಿ ಯೋಜನೆ ಬದಲಾದರೆ ಮೊದಲು ಏನನ್ನಿಸುತ್ತದೆ?" ಮೊದಲು! ಎರಡನೆಯದಾಗಿ ಅನ್ನಿಸುವುದು ನನಗೆ ಚೆನ್ನಾಗಿ ಗೊತ್ತು, ಮೊದಲನೆಯದನ್ನು ಹುಡುಕಲು ಕಣ್ಣು ಮುಚ್ಚಿ ಕೂರಬೇಕಾಯಿತು. ಉತ್ತರ ಒತ್ತಿದ ಮೇಲೆ ಅದರ ಪಕ್ಕ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯುತ್ತಿದ್ದೆ, ಯಾಕೆ ಹಾಗೆ ಒತ್ತಿದೆ ಎಂದು. ಎರಡು ವರ್ಷದ ಆ ಸಾಲುಗಳು ಈಗ ನನ್ನ ಪಾಲಿಗೆ ಆ್ಯಪಿಗಿಂತ ಬೆಲೆಬಾಳುತ್ತವೆ.

ಮನೆಯವರಿಗೂ ಹಚ್ಚಿದೆ. ಅಮ್ಮನಿಗೆ ಬಂದದ್ದು ಗೂಬೆ. ಫೋನ್ ಕೈಯಲ್ಲಿ ಹಿಡಿದು ನನ್ನನ್ನೇ ದುರುಗುಟ್ಟಿ ನೋಡಿದರು. "ನಲವತ್ತು ಪ್ರಶ್ನೆ ಕೇಳಿ ಕೊನೆಗೆ ನನ್ನನ್ನ ಗೂಬೆ ಅಂತೀಯೇನೇ?" ತಪ್ಪು ಅವರದ್ದಲ್ಲ. ಕನ್ನಡ ಬಲ್ಲ ಯಾರಿಗಾದರೂ ಗೂಬೆ ಎಂದ ಕೂಡಲೇ ಜ್ಞಾನ ನೆನಪಾಗುತ್ತದೆಯೇ? ನಮ್ಮ ಮಾತಿನಲ್ಲಿ ಗೂಬೆ ಬೈಗುಳ. ತಪ್ಪು ಹೊರಿಸುವುದಕ್ಕೆ ತಲೆ ಮೇಲೆ ಗೂಬೆ ಕೂರಿಸುವುದು ಎನ್ನುತ್ತೇವೆ. ಜಾಣ ಗೂಬೆ ಬಂದದ್ದು ಗ್ರೀಕರಿಂದ. ಅದು ಅವರ ಜ್ಞಾನದೇವತೆ ಅಥೇನಾಳ ಹಕ್ಕಿ, ಅಥೆನ್ಸಿನ ಬೆಳ್ಳಿ ನಾಣ್ಯಗಳ ಮೇಲೂ ಅದರ ಚಿತ್ರವಿತ್ತು. ಕನ್ನಡ ಆವೃತ್ತಿ ಮಾಡಿದವರು ಪದ ಬದಲಾಯಿಸಿದರು, ಪದದ ಹಿಂದಿನ ಭಾವ ಹಾಗೇ ಉಳಿಯಿತು. ಹದ್ದಿನದೂ ಅದೇ ಕಥೆ. ಹದ್ದಿನ ಕಣ್ಣು ಎಂದರೆ ಹೊಗಳಿಕೆ, ಬರೀ ಹದ್ದು ಎಂದರೆ ಕೋಳಿಮರಿ ಎತ್ತಿಕೊಂಡು ಹೋಗುವುದು. ಗರುಡ ಎಂದು ಬರೆದಿದ್ದರೆ ನನ್ನ ತಂಗಿ ಫಲಿತಾಂಶವನ್ನು ಚೌಕಟ್ಟು ಹಾಕಿಸುತ್ತಿದ್ದಳೋ ಏನೋ.

ಅಮ್ಮನನ್ನು ಸಮಾಧಾನ ಮಾಡಲು ನಾನು ಗೂಬೆಯ ಬಗ್ಗೆ ಓದಿದೆ. ಕಣಜದ ಗೂಬೆಯ ಎರಡು ಕಿವಿಗಳು ಒಂದೇ ಎತ್ತರದಲ್ಲಿಲ್ಲ, ಒಂದು ತುಸು ಮೇಲೆ, ಇನ್ನೊಂದು ಕೆಳಗೆ. ಹಾಗಾಗಿ ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ಎನ್ನುವುದಷ್ಟೇ ಅಲ್ಲ, ಮೇಲಿನಿಂದಲೋ ಕೆಳಗಿನಿಂದಲೋ ಎನ್ನುವುದೂ ಅದಕ್ಕೆ ತಿಳಿಯುತ್ತದೆ. ಕಣ್ಣು ಕಾಣದ ಕತ್ತಲಲ್ಲೂ ಇಲಿಯ ಸರಬರ ಸದ್ದೊಂದನ್ನೇ ಹಿಡಿದು ಎರಗಬಲ್ಲದು. ಇದನ್ನು ಹೇಳಿದಾಗ ಅಮ್ಮ ಸ್ವಲ್ಪ ಮೆತ್ತಗಾದರು. "ಕಿವಿ ಚುರುಕು ಅಂದ್ರೆ ಸರಿ" ಎಂದರು. ಅದು ನಿಜವೇ. ಮೂರು ಕೋಣೆ ಆಚೆ ನಾನು ನಿಟ್ಟುಸಿರು ಬಿಟ್ಟರೂ "ಏನಾಯ್ತೇ?" ಎಂದು ಅಲ್ಲಿಂದಲೇ ಕೇಳುವವರು ಅವರು. ಆ್ಯಪಿನ ಗೂಬೆ ವಿವರಣೆಯಲ್ಲಿ ಕಿವಿಯ ಮಾತೇ ಇರಲಿಲ್ಲ.

ಇಲ್ಲಿಯವರೆಗೆ ಎಲ್ಲ ಸುಖವಾಗಿತ್ತು. ಎರಡನೇ ವರ್ಷ ನಾನು ಚಂದಾ ಕಟ್ಟಿದೆ. ದುಡ್ಡು ಕೊಟ್ಟವರಿಗೆ ಮಾತ್ರ ಸಿಗುವ ದೊಡ್ಡ ಸೌಲಭ್ಯ "ಹೋಲಿಸಿ" ಎಂಬ ಗುಂಡಿ. ಇಬ್ಬರ ಫಲಿತಾಂಶ ಅಕ್ಕಪಕ್ಕ ಇಟ್ಟು, ಹೊಂದಾಣಿಕೆ ಶೇಕಡಾ ಎಷ್ಟು ಎಂದು ಹೇಳುತ್ತದೆ. ನಾನು ಬೇರೆ ಖರ್ಚು ಕಡಿಮೆ ಮಾಡಿಕೊಂಡು ಕಟ್ಟಿದ ಹಣ ಅದು, ಹಾಗಾಗಿ ಮೊದಲ ದಿನವೇ ಒತ್ತಿದೆ. ನನಗೂ ತಂಗಿಗೂ ಶೇ. 41. ಕೆಳಗೆ ಕೆಂಪು ಅಕ್ಷರದಲ್ಲಿ "ಎಚ್ಚರಿಕೆಯ ಜೋಡಿ".

ಈ ವಿಮರ್ಶೆ ಬರೆಯಲು ಕೂತದ್ದೇ ಈ ಗುಂಡಿಯಿಂದಾಗಿ.

ತಂಗಿಯ ಅಂಕ ಹದ್ದು 14, ನವಿಲು 12, ಗೂಬೆ 8, ಪಾರಿವಾಳ 6. ಕೂಡಿದರೆ 40. ನನ್ನದೂ 40. ಅಮ್ಮನದು 15, 12, 8, 5, ಅದೂ 40. ಯಾರದ್ದಾದರೂ ಕೂಡಿ ನೋಡಿ, 40 ಬರಲೇಬೇಕು, ಏಕೆಂದರೆ ಪ್ರತಿ ಪ್ರಶ್ನೆಗೂ ಒಂದೇ ಅಂಕ, ಅದನ್ನು ನಾಲ್ಕರಲ್ಲಿ ಒಂದು ಹಕ್ಕಿಗೆ ಹಾಕಲೇಬೇಕು. ಒಂದು ಹಕ್ಕಿ ಹಿಗ್ಗಿದರೆ ಇನ್ನೊಂದು ಕುಗ್ಗುತ್ತದೆ. ಅಂದಮೇಲೆ ಈ ಅಂಕ ಹೇಳುವುದು ಇಷ್ಟೇ: ನನ್ನೊಳಗಿನ ನಾಲ್ಕು ಸ್ವಭಾವಗಳಲ್ಲಿ ಯಾವುದು ಮುಂದು, ಯಾವುದು ಹಿಂದು. ತಂಗಿಗಿಂತ ನಾನು ಹೆಚ್ಚು ಶಾಂತಳೋ ಅಲ್ಲವೋ ಎನ್ನುವುದನ್ನು ಅದು ಹೇಳಲಾರದು. ಎಲ್ಲದರಲ್ಲೂ ಬಿರುಸಾಗಿರುವ ಒಬ್ಬಳು, ಎಲ್ಲದರಲ್ಲೂ ಸೌಮ್ಯವಾಗಿರುವ ಇನ್ನೊಬ್ಬಳು, ಇಬ್ಬರಿಗೂ ಅಂಕ ಒಂದೇ ಬರಬಹುದು. ಒಬ್ಬಳ ಮನೆಯ ಅತಿ ಎತ್ತರದ ಕಪಾಟಿಗೂ ಇನ್ನೊಬ್ಬಳ ಮನೆಯ ಅತಿ ಎತ್ತರದ ಕಪಾಟಿಗೂ "ಮೊದಲನೆಯದು" ಎಂದು ಚೀಟಿ ಅಂಟಿಸಿದರೆ ಎರಡೂ ಒಂದೇ ಎತ್ತರ ಎನ್ನಲಾದೀತೇ? ಮನೋಮಾಪನದಲ್ಲಿ ಇದು ಹಳೆಯ ಎಚ್ಚರಿಕೆ. ಇಂಥ ಬಲವಂತದ ಆಯ್ಕೆಯ ಅಂಕಗಳನ್ನು ಒಬ್ಬರಿಂದೊಬ್ಬರಿಗೆ ಹೋಲಿಸಬಾರದು. ಆ್ಯಪ್ ದುಡ್ಡು ತೆಗೆದುಕೊಂಡು ಮಾಡುವುದು ಅದನ್ನೇ.

ಅಂಕದ ತಪ್ಪಿಗಿಂತ ನೋವಾದದ್ದು ಬೇರೆ. ತಂಗಿ ಎಂದಿನಂತೆ ಒಂದು ಮಾತು ಒರಟಾಗಿ ಆಡಿದಳು. ಮೊದಲಾಗಿದ್ದರೆ ಹತ್ತು ನಿಮಿಷಕ್ಕೆ ತಾನೇ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಆ ದಿನ "ಅಕ್ಕಾ, ನಾನು ಹದ್ದಲ್ವಾ, ನಮ್ಮಿಬ್ಬರಿಗೆ ಆಗಿ ಬರಲ್ಲ ಅಂತ ಅದೇ ಹೇಳಿದೆ" ಎಂದು ಎದ್ದು ಹೋದಳು. ಮೂವತ್ತು ವರ್ಷ ಒಂದೇ ಹೊದಿಕೆ ಎಳೆದಾಡಿ ಬೆಳೆದವರ ನಡುವೆ ಶೇ. 41 ಬಂದು ಕೂತಿತು.

ಆಮೇಲೆ ನಾನೊಂದು ಪ್ರಯೋಗ ಮಾಡಿದೆ. ನಾಲ್ಕೂ ಹಕ್ಕಿಗಳ ವಿವರಣೆಯಿಂದ ಹಕ್ಕಿಯ ಹೆಸರು ತೆಗೆದು ಕೈಯಲ್ಲಿ ಬರೆದುಕೊಂಡು, ಮನೆಯಲ್ಲಿ ಎಲ್ಲರಿಗೂ ಅದಲುಬದಲು ಮಾಡಿ ಓದಿದೆ. ತಂಗಿಗೆ ಪಾರಿವಾಳದ್ದು, ನಮ್ಮವರಿಗೆ ನವಿಲಿನದ್ದು, ಅಮ್ಮನಿಗೆ ಹದ್ದಿನದ್ದು. "ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ನಿಮಗೆ ಹತ್ತಿರದವರ ಮೆಚ್ಚುಗೆ ಬೇಕು" ಎಂಬ ಸಾಲು ಬಂದಾಗ ತಂಗಿ ತಲೆಯಾಡಿಸಿದಳು. ನಮ್ಮವರಂತೂ "ಇದು ಪಕ್ಕಾ ನಾನೇ" ಎಂದರು. ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1948ರಲ್ಲಿ ತಮ್ಮ 39 ವಿದ್ಯಾರ್ಥಿಗಳಿಗೆ ಮಾಡಿದ್ದೂ ಇದನ್ನೇ. ಪರೀಕ್ಷೆ ಮಾಡಿ, ಫಲಿತಾಂಶವೆಂದು ಎಲ್ಲರಿಗೂ ಒಂದೇ ಹಾಳೆ ಕೊಟ್ಟರು. ಅದು ತಮಗೆ ಎಷ್ಟು ಹೊಂದುತ್ತದೆ ಎಂಬುದಕ್ಕೆ ವಿದ್ಯಾರ್ಥಿಗಳು ಸರಾಸರಿ 5ಕ್ಕೆ 4.26 ಅಂಕ ಹಾಕಿದರು. ನಿಜ ತಿಳಿದ ಮೇಲೆ ನಮ್ಮ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ತಂಗಿ ಆ ಹಾಳೆ ಇಸಿದುಕೊಂಡು ಇನ್ನೊಮ್ಮೆ ಓದಿದಳು. "ಮೆಚ್ಚುಗೆ ಬೇಕು ಅನ್ನೋದು ಮಾತ್ರ ನಿಜ, ಅಕ್ಕಾ" ಎಂದಳು. ಆ ಸಂಜೆ ನನ್ನ ಪಕ್ಕ ಬಂದು ಕೂತಳು.

ಜನರನ್ನು ಹದಿನಾರು ಬಗೆಯಾಗಿ ವಿಂಗಡಿಸುವ ಮೈಯರ್ಸ್-ಬ್ರಿಗ್ಸ್ ಎಂಬ ಜನಪ್ರಿಯ ಪರೀಕ್ಷೆಯನ್ನೂ ನಡುವೆ ಮಾಡಿ ನೋಡಿದೆ. ಸ್ವಿಟ್ಜರ್‌ಲ್ಯಾಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಬರೆದ ವಿಚಾರಗಳ ಮೇಲೆ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಬ್ರಿಗ್ಸ್ ಮೈಯರ್ಸ್ ಕಟ್ಟಿದ್ದು. ಅಲ್ಲೂ ನನ್ನ ಕೊರಗು ಅದೇ. ಅಂತರ್ಮುಖಿ, ಬಹಿರ್ಮುಖಿ ಎಂದು ನಡುವೆ ಗೆರೆ ಎಳೆಯುತ್ತಾರೆ, ಆದರೆ ಹೆಚ್ಚಿನ ಜನ ಇರುವುದೇ ಆ ನಡುವಿನಲ್ಲಿ. ಜನ ಕಿಕ್ಕಿರಿದು ನಿಂತ ಜಾಗದಲ್ಲೇ ಗೆರೆ ಬಿದ್ದರೆ ಅರ್ಧ ಹೆಜ್ಜೆ ಸರಿದವರೆಲ್ಲ ಪಕ್ಷ ಬದಲಾಯಿಸಿದಂತೆ ಕಾಣುತ್ತಾರೆ. ಸಂಶೋಧಕರು ಹೆಚ್ಚಾಗಿ ನೆಚ್ಚುವ ಐದು ಗುಣಗಳ ಮಾಪನದಲ್ಲಿ ಈ ಗೆರೆಯೇ ಇಲ್ಲ, ಪ್ರತಿ ಗುಣಕ್ಕೂ ಬೇರೆ ಬೇರೆ ಅಂಕ. ಅದರ ಪ್ರಶ್ನೆಗಳ ಒಂದು ದೊಡ್ಡ ಸಂಗ್ರಹ ಯಾರು ಬೇಕಾದರೂ ಬಳಸಬಹುದಾದ ಹಾಗೆ ಉಚಿತವಾಗಿಯೇ ಇದೆ. ನೋಡಲು ಸಪ್ಪೆ, ಚಿತ್ರವಿಲ್ಲ, ಹಕ್ಕಿಯಿಲ್ಲ. ಹೋಲಿಸಲೇಬೇಕು ಎನ್ನುವವರಿಗೆ ನಾನು ಹೇಳುವುದು ಅದನ್ನೇ.

ಇಷ್ಟು ಸಿಟ್ಟಿದ್ದರೂ ಆ್ಯಪನ್ನು ಫೋನಿನಿಂದ ತೆಗೆದುಹಾಕಿಲ್ಲ. ಕಾರಣ ಕಿಟಕಿಯ ಹೊರಗಿದೆ.

ನನ್ನನ್ನು ಪಾರಿವಾಳ ಎಂದ ವಾರವೇ ಕಿಟಕಿಯ ಸಜ್ಜೆಯ ಮೇಲೆ ಒಂದು ಜೋಡಿ ಪಾರಿವಾಳ ನಾಲ್ಕು ಕಡ್ಡಿ ಸೇರಿಸಿ ಎರಡು ಮೊಟ್ಟೆ ಇಟ್ಟಿದ್ದವು. ನನ್ನ ಹಕ್ಕಿಯಲ್ಲವೇ, ನೋಡತೊಡಗಿದೆ. ಪಾರಿವಾಳಗಳಲ್ಲಿ ಕಾವು ಕೊಡುವ ಕೆಲಸ ಹಂಚಿಕೆಯಾಗಿರುತ್ತದೆ. ಹಗಲಿನ ಹೊತ್ತು ಗಂಡು ಕೂರುತ್ತದೆ, ಸಂಜೆಯಿಂದ ಮರುದಿನ ಬೆಳಗಿನವರೆಗೆ ಹೆಣ್ಣು. ಗಂಡು ಕೂತಿರುವಾಗ ಕಿಟಕಿಯ ಚಿಲಕ ಮುಟ್ಟಿದರೂ ಸಾಕು, ಕತ್ತು ಉಬ್ಬಿಸಿ ಗುರುಗುಟ್ಟಿ, ಕೈ ಹತ್ತಿರ ಬಂದರೆ ರೆಕ್ಕೆಯಿಂದ ಪಟಾರ್ ಎಂದು ಬಾರಿಸುತ್ತದೆ. ಹೊಡೆತ ಚುರುಗುಟ್ಟುತ್ತದೆ. ಹೆಣ್ಣು ಹಾಗಲ್ಲ. ಕಿಟಕಿ ಪೂರ್ತಿ ತೆರೆದರೂ ಕದಲುವುದಿಲ್ಲ, ಕಿತ್ತಳೆ ಕಣ್ಣನ್ನು ಒಮ್ಮೆ ನನ್ನ ಕಡೆ ತಿರುಗಿಸಿ ಹೊಟ್ಟೆಯನ್ನು ಮೊಟ್ಟೆಯ ಮೇಲೆ ಇನ್ನಷ್ಟು ಒತ್ತಿ ಕೂರುತ್ತದೆ. ಎರಡೂ ಪಾರಿವಾಳವೇ. ಆ್ಯಪ್ ಪ್ರಕಾರ ಎರಡೂ ಶಾಂತ, ಎರಡೂ ಹೊಂದಿಕೊಂಡು ಹೋಗುವಂಥವು.

ಹೀಗೆ ಒಂದೊಂದು ಹಕ್ಕಿಗೂ ತನ್ನದೇ ಸ್ವಭಾವ ಇರುತ್ತದೆಯೇ ಎಂದು ಹುಡುಕಿದಾಗ ಸಿಕ್ಕಿದ್ದು ನೆದರ್‌ಲ್ಯಾಂಡ್ಸಿನ ಸಂಶೋಧನೆ. ಗ್ರೇಟ್ ಟಿಟ್ ಎಂಬ ಗುಬ್ಬಿ ಗಾತ್ರದ ಹಕ್ಕಿಯನ್ನು ಐದು ಕೃತಕ ಮರಗಳಿರುವ ಅಪರಿಚಿತ ಕೋಣೆಯೊಳಗೆ ಬಿಟ್ಟು, ಮೊದಲ ಎರಡು ನಿಮಿಷದಲ್ಲಿ ಅದು ಎಷ್ಟು ಓಡಾಡಿತು ಎಂದು ಎಣಿಸುತ್ತಾರೆ. ಕೆಲವು ಬಿಟ್ಟ ಕೂಡಲೇ ಮರದಿಂದ ಮರಕ್ಕೆ ಹಾರುತ್ತವೆ, ಕೆಲವು ಕೂತಲ್ಲೇ ಕೂತು ನೋಡುತ್ತವೆ. ಪಂಜರದಲ್ಲಿ ಒಂದು ಬ್ಯಾಟರಿ ಸೆಲ್ಲೋ ಗುಲಾಬಿ ಬಣ್ಣದ ಸಣ್ಣ ಗೊಂಬೆಯೋ ಇಟ್ಟು, ಎಷ್ಟು ಹತ್ತಿರ ಬರುತ್ತದೆ ಎಂದೂ ನೋಡುತ್ತಾರೆ. ಒಂದೇ ಹಕ್ಕಿಯನ್ನು ಮತ್ತೆ ಪರೀಕ್ಷಿಸಿದರೆ ಅದರ ರೀತಿ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ, ಸ್ವಲ್ಪಮಟ್ಟಿಗೆ ಮರಿಗಳಿಗೂ ಬರುತ್ತದೆ. ಚುರುಕಿನವು, ನಿಧಾನದವು ಎಂದು ಕರೆದರೂ ನಡುವೆ ಎಲ್ಲ ಹಂತದ ಹಕ್ಕಿಗಳೂ ಇವೆ. ಯಾವ ಬಗೆಯದು ಹೆಚ್ಚು ಬದುಕುಳಿಯುತ್ತದೆ ಎಂಬುದು ಆ ವರ್ಷದ ಆಹಾರದ ಮೇಲೆ ಹೋಗುತ್ತದೆ, ಗಂಡಿಗೆ ಒಂದು ಥರ, ಹೆಣ್ಣಿಗೆ ಇನ್ನೊಂದು ಥರ. ಇದನ್ನು ಓದಿ ನನಗೆ ಎಷ್ಟು ಸಂತೋಷವಾಯಿತೆಂದರೆ ತಂಗಿಯನ್ನು ಎಬ್ಬಿಸಿ ಓದಿ ಹೇಳಿದೆ. ಒಂದೇ ಜಾತಿಯ ಹಕ್ಕಿಗಳೇ ಒಂದರಂತೆ ಇನ್ನೊಂದಿಲ್ಲ. ಒಂದು ಜಾತಿಯ ಹೆಸರನ್ನು ಮನುಷ್ಯರಿಗೆ ಅಂಟಿಸಿ ಇವರೆಲ್ಲ ಒಂದೇ ಎನ್ನುವುದು ಹೇಗೆ?

ಈಗ ನಮ್ಮ ಭಾನುವಾರ ಬೇರೆ. ಉತ್ತರ ಒತ್ತುವುದಿಲ್ಲ. ಒಂದು ಪ್ರಶ್ನೆ ಗಟ್ಟಿಯಾಗಿ ಓದುತ್ತೇನೆ, ಒಬ್ಬರ ಉತ್ತರವನ್ನು ಇನ್ನೊಬ್ಬರು ಚೀಟಿಯಲ್ಲಿ ಬರೆಯಬೇಕು. ಯೋಜನೆ ಬದಲಾದರೆ ನನಗೆ ಮೊದಲು ಏನನ್ನಿಸುತ್ತದೆ ಎಂಬುದಕ್ಕೆ ನಮ್ಮವರು ಬರೆದದ್ದು: "ಮೊದಲು ಮುಖ ಬಾಡುತ್ತದೆ, ಆಮೇಲೆ ಪರವಾಗಿಲ್ಲ ಅಂತಾಳೆ." ಕಣ್ಣು ಮುಚ್ಚಿ ಹುಡುಕಿದರೂ ನನಗೆ ಸಿಗದಿದ್ದ ಮೊದಲನೆಯದು ಅವರ ಅಂಗೈಯಗಲದ ಚೀಟಿಯಲ್ಲಿತ್ತು. ಅದನ್ನು ನೋಟ್‌ಬುಕ್ಕಿಗೆ ಅಂಟಿಸಿಕೊಂಡಿದ್ದೇನೆ.

ಹೊಸದಾಗಿ ಹಾಕಿಕೊಳ್ಳುವವರಿಗೆ: ಉಚಿತ ಆವೃತ್ತಿ ಸಾಕು, ಪ್ರಶ್ನೆಗಳೆಲ್ಲ ಅದರಲ್ಲೇ ಇವೆ. ಅಂಕ ನೋಡಬೇಕೆಂದರೆ "ವಿವರ" ಪುಟಕ್ಕೆ ಹೋಗಿ ನಾಲ್ಕೂ ಅಂಕ ನೋಡಿ, ಮೊದಲೆರಡರ ನಡುವೆ ಎರಡು ಮೂರು ಅಂಕದಷ್ಟೇ ಅಂತರವಿದ್ದರೆ ಹಕ್ಕಿಯ ಹೆಸರನ್ನು ಮರೆತುಬಿಡಿ. ಕೆಲಸಕ್ಕೆ ಆಳು ಆರಿಸಲು, ಹೆಣ್ಣು ಗಂಡು ನೋಡಲು ದಯವಿಟ್ಟು ಬಳಸಬೇಡಿ. ಪ್ರಶ್ನೆಗಳಿಗಾಗಿ ಐದಕ್ಕೆ ಮೂರು ನಕ್ಷತ್ರ ಕೊಡುತ್ತಿದ್ದೇನೆ. "ಹೋಲಿಸಿ" ಗುಂಡಿ ಕಿತ್ತುಹಾಕಿದ ದಿನ ನಾಲ್ಕು ಮಾಡುತ್ತೇನೆ. ಚಂದಾ ನವೀಕರಿಸಿ ಎಂದು ಈಗಾಗಲೇ ಮೂರು ಸಲ ಸಂದೇಶ ಬಂದಿದೆ, ಕಟ್ಟುವುದಿಲ್ಲ. ಸಜ್ಜೆಯ ಮೇಲೆ ಎರಡೂ ಮೊಟ್ಟೆ ಒಡೆದಿವೆ. ಹಳದಿ ನೂಲಿನಂಥ ತುಪ್ಪಳದ ಎರಡು ಮರಿ, ಒಂದು ಆಗಲೇ ಕಿಟಕಿಯ ಸದ್ದಿಗೆ ಕತ್ತೆತ್ತುತ್ತದೆ, ಇನ್ನೊಂದು ಎತ್ತುವುದಿಲ್ಲ.